ಪ್ರಸಾಧನ ದ್ರವ್ಯಗಳಲ್ಲಿನ ವಿಷವಸ್ತುಗಳೂ ಶಾಸನದ ವಿನಾಯಿತಿಗಳೂ

1

ದೇಹಾಲಂಕಾರವು ಮನುಷ್ಯನ ನಾಗರಿಕತೆಯಷ್ಟೇ ಪ್ರಾಚೀನವಾದುದು. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ವಿಲೇಪನಗಳನ್ನು ರಾಜನ ಭೋಗಗಳೊಳಗೆ ಎಣಿಸಿ ವಿವರಿಸಿರುವುದು ಓದುಗರಿಗೆ ವಿದಿತವಾದ ಸಂಗತಿಯೇ ಸರಿ. ಇಂಥ ಗ್ರಂಥಗಳನ್ನೂ ಶಿಲ್ಪಗಳನ್ನೂ ಆಧರಿಸಿ ಅಲಂಕಾರವನ್ನು ಕುರಿತು ವಿದ್ವಾಂಸರು ಬರೆದಿರುವುದು ಹೆಚ್ಚಾಗಿ ಕಲೆಯ ದೃಷ್ಟಿಯಿಂದ, ಅಥವಾ ವೇಷಭೂಷಣಗಳ ದೃಷ್ಟಿಯಿಂದ, ಇಲ್ಲವೆ ಸುಗಂಧದ್ರವ್ಯಗಳ ವ್ಯಾಪಾರದ ದೃಷ್ಟಿಯಿಂದ. ಮೈಗೆ ಹಚ್ಚಿದ ಲೇಪವು ಆ ಮೈಗೆ ಏನು ಮಾಡಿತು ಎಂಬ ಪ್ರಶ್ನೆಯನ್ನು ಚರಿತ್ರಕಾರರು ಬಹುಮಟ್ಟಿಗೆ ವೈದ್ಯರಿಗೆ ಬಿಟ್ಟುಕೊಟ್ಟಿದ್ದಾರೆ.

ಆದರೆ ಈ ಪ್ರಶ್ನೆ ವೈದ್ಯರದು ಮಾತ್ರವಲ್ಲ. ಒಂದು ವಸ್ತು ವಿಷವೆಂದು ತಿಳಿದ ದಿನವೊಂದು. ಅದನ್ನು ಮಾರಕೂಡದೆಂದು ರಾಜ್ಯವು ವಿಧಿಸಿದ ದಿನ ಮತ್ತೊಂದು. ಈ ಎರಡು ದಿನಗಳ ನಡುವೆ ಕಳೆದ ಕಾಲವು ಚರಿತ್ರೆಗೆ ಸೇರಿದ್ದು. ಆ ಕಾಲದಲ್ಲಿ ಯಾರು ಲಾಭ ಪಡೆದರು, ಯಾರು ನಷ್ಟ ತೆತ್ತರು, ಯಾವ ಕಾರಣವನ್ನು ಮುಂದೊಡ್ಡಿ ತಡೆಯನ್ನು ಮುಂದೂಡಲಾಯಿತು ಎಂಬುದನ್ನು ಪರಿಶೀಲಿಸುವುದು ನಮ್ಮ ಕರ್ತವ್ಯವೇ ಆಗಿದೆ. ಪ್ರಕೃತ ಲೇಖನದಲ್ಲಿ ನಾವು ಮೂರು ಪ್ರಕರಣಗಳನ್ನು ತೆಗೆದುಕೊಂಡಿದ್ದೇವೆ: ಜಪಾನಿನ ಸೀಸದ ಮುಖಚೂರ್ಣ, ಅಮೆರಿಕದ 1938ರ ಶಾಸನ, ಮತ್ತು ಮೈಬಣ್ಣವನ್ನು ತಿಳಿಗೊಳಿಸುವ ಲೇಪಗಳಲ್ಲಿನ ಪಾದರಸ. ಮೂರನೆಯದು ನಮ್ಮ ದೇಶಕ್ಕೂ ಸಂಬಂಧಿಸಿದ್ದು.

ಶಾಸನವು ತಡವಾಗಿ ಬಂದಿತೆಂಬುದು ಹೊಸ ಮಾತೇನೂ ಅಲ್ಲ. ನಾವು ಇಲ್ಲಿ ತೋರಿಸಲು ಯತ್ನಿಸುವುದು ಬೇರೊಂದು ಸಂಗತಿಯನ್ನು. ಈ ಮೂರು ಪ್ರಕರಣಗಳಲ್ಲಿಯೂ ಶಾಸನವು ಬಂದಾಗಲೂ ತನ್ನೊಳಗೆ ಒಂದು ವಿನಾಯಿತಿಯನ್ನು ಇಟ್ಟುಕೊಂಡೇ ಬಂದಿತು. ಅಪಾಯವು ಆ ವಿನಾಯಿತಿಯ ಆಶ್ರಯದಲ್ಲಿ ಬಹುಕಾಲ ಬಾಳಿತು. ಪ್ರಸಾಧನ ದ್ರವ್ಯಗಳೆಲ್ಲವೂ ವಿಷವೆಂದು ಹೇಳುವುದು ನಮ್ಮ ಉದ್ದೇಶವಲ್ಲವೆಂಬುದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತೇವೆ.

2

ಸೀಸದ ಬಿಳಿಯ ಚರಿತ್ರೆ ಬಹು ದೀರ್ಘವಾದುದು. ವಿನಿಗರ್ ಇರುವ ಮಡಕೆಗಳಲ್ಲಿ ಸೀಸವನ್ನಿರಿಸಿ, ಅದರ ಮೇಲೆ ಕಟ್ಟಿದ ಬಿಳಿಯ ಪೊರೆಯನ್ನು ಕೆರೆದು ತೆಗೆಯುವ ಕ್ರಮವನ್ನು ಗ್ರೀಕ್ ತತ್ತ್ವಜ್ಞನಾದ ಥಿಯೊಫ್ರಾಸ್ಟಸನು ಕಲ್ಲುಗಳನ್ನು ಕುರಿತ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ನುಣುಪಾಗಿ ಅಂಟಿಕೊಳ್ಳುವ, ಕಲೆಗಳನ್ನು ಸಂಪೂರ್ಣವಾಗಿ ಮುಚ್ಚುವ ಈ ಪುಡಿಯನ್ನು ಮುಖಕ್ಕೆ ಬಳಿದುಕೊಳ್ಳುವ ರೂಢಿ ಆ ಕಾಲದಲ್ಲಿಯೇ ಇದ್ದಿತು. ಇದು ಹೊಟ್ಟೆಗೆ ಹೋದರೆ ವಿಷವೆಂಬುದೂ ಪ್ರಾಚೀನರಿಗೆ ಅಜ್ಞಾತವಾಗಿರಲಿಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ನಿಕಾಂಡರನು ವಿಷಗಳನ್ನೂ ಅವುಗಳ ಪರಿಹಾರವನ್ನೂ ಕುರಿತು ಬರೆದ ಪದ್ಯಗ್ರಂಥದಲ್ಲಿ ಸೀಸದ ಬಿಳಿಗೂ ಸ್ಥಾನವಿದೆ.

ಇಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. ಕ್ಸೆನೊಫೊನನು ಗೃಹಕೃತ್ಯವನ್ನು ಕುರಿತು ಬರೆದ ಸಂವಾದದಲ್ಲಿ ಗೃಹಸ್ಥನೊಬ್ಬನು ಸೀಸದ ಬಿಳಿಯನ್ನು ಬಳಿದುಕೊಂಡ ತನ್ನ ಹೆಂಡತಿಗೆ ಬುದ್ಧಿ ಹೇಳುತ್ತಾನೆ. ಆದರೆ ಅವನ ಆಕ್ಷೇಪಣೆ ವಿಷದ ಮೇಲಲ್ಲ. ಬಣ್ಣವು ಮೋಸ, ನಿಜರೂಪವನ್ನು ಮರೆಮಾಚುವುದು ತರವಲ್ಲ ಎಂಬುದರ ಮೇಲೆ. ಅಲಂಕಾರವನ್ನು ನೀತಿಯ ಪ್ರಶ್ನೆಯಾಗಿ ಕಂಡು, ಆರೋಗ್ಯದ ಪ್ರಶ್ನೆಯಾಗಿ ಕಾಣದಿರುವ ಈ ಪ್ರವೃತ್ತಿ ಮುಂದೆಯೂ ಬಹುಕಾಲ ಉಳಿದುಬಂದಿತು. ತತ್ಫಲವಾಗಿ, ಲೇಪದಿಂದ ಕೆಟ್ಟವಳ ಬಗೆಗೆ ಮರುಕಕ್ಕಿಂತ ಹೆಚ್ಚಾಗಿ ಹಳಿವೇ ಕೇಳಿಬರುತ್ತಿದ್ದಿತು. 1760ರಲ್ಲಿ ಇಂಗ್ಲೆಂಡಿನಲ್ಲಿ ಕೊವೆಂಟ್ರಿಯ ಕೌಂಟೆಸ್ ಮರಿಯಾ ಗನ್ನಿಂಗ್ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಾಗ ಅದಕ್ಕೆ ಸೀಸದ ಲೇಪವೇ ಕಾರಣವೆಂಬ ಮಾತು ಹಬ್ಬಿತು. ಆಕೆಗೆ ಕ್ಷಯವೂ ಇದ್ದಿತೆಂದು ಹೇಳಲಾಗಿರುವುದರಿಂದ ಈ ಮಾತನ್ನು ನಾವು ನಿರ್ಣಾಯಕವೆಂದು ಎಣಿಸುವುದಿಲ್ಲ. ಆದರೆ ಆ ಕಥೆಯನ್ನು ಜನರು ಮತ್ತೆ ಮತ್ತೆ ಹೇಳಿದುದು ವ್ಯಾಮೋಹದ ಫಲವೆಂಬ ನೀತಿಪಾಠವಾಗಿಯೇ ಹೊರತು, ಆ ಪುಡಿಯನ್ನು ಮಾರುವುದನ್ನು ನಿಲ್ಲಿಸಬೇಕೆಂಬ ವಾದವಾಗಿ ಅಲ್ಲ.

3

ಜಪಾನಿನಲ್ಲಿ ಬಿಳಿಯ ಮುಖಚೂರ್ಣಕ್ಕೆ ‘ಒಶಿರೊಯ್’ ಎಂದು ಹೆಸರು. ಕಬುಕಿ ನಾಟಕದ ನಟರೂ, ಗೆಯ್ಷಾ ವೃತ್ತಿಯವರೂ, ಗೃಹಿಣಿಯರೂ ಇದನ್ನು ಬಳಸುತ್ತಿದ್ದರು. ನೀರಿನಲ್ಲಿ ಕಲಸಿ ಮುಖಕ್ಕೆ ಮಾತ್ರವಲ್ಲದೆ ಕತ್ತಿಗೂ ಎದೆಯ ಮೇಲ್ಭಾಗಕ್ಕೂ ಬಳಿದುಕೊಳ್ಳುವುದು ಪದ್ಧತಿಯಾಗಿದ್ದಿತು. ಈ ಚೂರ್ಣಗಳಲ್ಲಿ ಸೀಸದ ಬಿಳಿಯಿಂದಾದುದೇ ಹೆಚ್ಚು ಮೆಚ್ಚಿಗೆ ಪಡೆದಿದ್ದಿತು.

1887ರ ಏಪ್ರಿಲಿನಲ್ಲಿ ವಿದೇಶಾಂಗ ಸಚಿವ ಇನೊಉಎ ಕಓರುವಿನ ನಿವಾಸದಲ್ಲಿ ಚಕ್ರವರ್ತಿ ಮೆಯ್ಜಿಯ ಸಮ್ಮುಖದಲ್ಲಿ ಕಬುಕಿ ಪ್ರದರ್ಶನವೊಂದು ನಡೆಯಿತು. ಅದರಲ್ಲಿ ಪಾತ್ರ ವಹಿಸಿದ್ದ ನಾಲ್ಕನೆಯ ನಕಮುರ ಫುಕುಸುಕೆ ಎಂಬ ನಟನ ಕಾಲು ರಂಗದ ಮೇಲೆಯೇ ನಡುಗತೊಡಗಿತು. ಇದು ದೀರ್ಘಕಾಲದ ಸೀಸವಿಷದ ಪರಿಣಾಮವೆಂದು ಗುರುತಿಸಲಾಯಿತು. ಅನೇಕ ನಟರು ಇದೇ ರೋಗದಿಂದ ನರಳುತ್ತಿದ್ದಿರಬಹುದಾದರೂ ಚಕ್ರವರ್ತಿಯ ಎದುರಿನಲ್ಲಿ ನಡೆದುದರಿಂದ ಈ ಘಟನೆ ದೇಶದ ಗಮನವನ್ನು ಸೆಳೆಯಿತು. ಸೀಸವಿಲ್ಲದ ಚೂರ್ಣವನ್ನು ತಯಾರಿಸುವ ಯತ್ನಗಳು ನಡೆದು, 20ನೆಯ ಶತಮಾನದ ಆರಂಭದ ವೇಳೆಗೆ ಅಂಥ ಚೂರ್ಣವು ಮಾರುಕಟ್ಟೆಗೂ ಬಂದಿತು.

1900ರಲ್ಲಿ ಜಪಾನಿನ ಸರ್ಕಾರವು ಅಪಾಯಕರ ವರ್ಣದ್ರವ್ಯಗಳ ನಿಯಂತ್ರಣಕ್ಕಾಗಿ ನಿಯಮಗಳನ್ನು ಹೊರಡಿಸಿತು. ಆಹಾರಪದಾರ್ಥಗಳು, ಆಟಿಕೆಗಳು, ಪ್ರಸಾಧನ ದ್ರವ್ಯಗಳು ಮೊದಲಾದವುಗಳಲ್ಲಿ ವಿಷಕಾರಿ ಬಣ್ಣಗಳ ಬಳಕೆಯನ್ನು ಇವು ನಿರ್ಬಂಧಿಸಿದುವು. ಸೀಸವೂ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿದ್ದಿತು. ಆದರೆ ಅದೇ ನಿಯಮಗಳ ಕೊನೆಯ ಭಾಗದಲ್ಲಿ, ಸೀಸದ ಬಿಳಿಯನ್ನು ‘ಸದ್ಯಕ್ಕೆ’ ಪ್ರಸಾಧನ ದ್ರವ್ಯವಾಗಿ ಬಳಸಬಹುದೆಂಬ ಅರ್ಥದ ವಿನಾಯಿತಿಯನ್ನು ಸೇರಿಸಲಾಗಿದ್ದಿತು. ನಟನ ನಡುಗುವ ಕಾಲನ್ನು ಕಂಡು 13 ವರ್ಷಗಳಾಗಿದ್ದುವು. ವಿಷವೆಂಬುದನ್ನು ಶಾಸನಕರ್ತರು ಬಲ್ಲವರಾಗಿದ್ದರು. ಬಲ್ಲವರಾದುದರಿಂದಲೇ ವಿನಾಯಿತಿಯನ್ನು ಬರೆಯಬೇಕಾಯಿತು.

ಈ ‘ಸದ್ಯಕ್ಕೆ’ ಎಂಬುದು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಅದಕ್ಕೆ ತೆತ್ತ ಬೆಲೆಯೇನೆಂಬುದು 1923ರಲ್ಲಿ ತಿಳಿದುಬಂದಿತು. ಆ ದೇಶದಲ್ಲಿ ಎಳೆಯ ಮಕ್ಕಳನ್ನು ಕಾಡುತ್ತಿದ್ದ, ಮೆದುಳಿನ ಪೊರೆಯ ಉರಿಯೂತದಂತೆ ತೋರುತ್ತಿದ್ದ ಒಂದು ರೋಗವಿದ್ದಿತು. ಅದರ ಕಾರಣವು ವೈದ್ಯರಿಗೆ ಬಹುಕಾಲ ಬಗೆಹರಿದಿರಲಿಲ್ಲ. ಕ್ಯೋಟೊ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಶಿಶುವೈದ್ಯದ ಪ್ರಾಧ್ಯಾಪಕರಾಗಿದ್ದ ಹಿರಾಯ್ ಇಕುತಾರೊ ಅವರು ಇದು ಸೋಂಕಿನಿಂದ ಬಂದುದಲ್ಲ, ಸೀಸವಿಷ, ಮತ್ತು ಆ ಸೀಸದ ಮೂಲವು ತಾಯಂದಿರು ಬಳಸುವ ಮುಖಚೂರ್ಣ ಎಂದು ಆ ವರ್ಷ ಪ್ರಕಟಿಸಿದರು. ತಾಯಿಯ ಎದೆಗೂ ಕತ್ತಿಗೂ ಹಚ್ಚಿದ ಪುಡಿಯು ಹಾಲು ಕುಡಿಯುವ ಮಗುವಿನ ಬಾಯಿಗೆ ಸೇರುತ್ತಿದ್ದಿತು. ಬೆಳೆದವರಲ್ಲಿ ವರ್ಷಗಟ್ಟಲೆ ಮೆಲ್ಲಮೆಲ್ಲನೆ ಏರುವ ವಿಷವು ಕೂಸಿನ ಮೆದುಳನ್ನು ಬಹುಬೇಗ ಮುಟ್ಟುತ್ತಿದ್ದಿತು.

ಈ ಶೋಧನೆಯ ಅನಂತರವೂ ನಿಷೇಧವು ಕೂಡಲೇ ಬರಲಿಲ್ಲ. ಸೀಸದ ಬಿಳಿಯ ಪ್ರಸಾಧನಗಳ ತಯಾರಿಕೆಯೂ ಮಾರಾಟವೂ ನಿಂತುದು 1930ರ ದಶಕದಲ್ಲಿ. ಸೀಸವಿಲ್ಲದ ಚೂರ್ಣವು ಅಷ್ಟರಲ್ಲಿ ಮೂವತ್ತು ವರ್ಷಗಳಷ್ಟು ಹಳೆಯದಾಗಿದ್ದಿತು. ಆದಕಾರಣ ಬದಲಿ ವಸ್ತುವಿಲ್ಲದೆ ವಿನಾಯಿತಿ ಕೊಡಬೇಕಾಯಿತೆಂಬ ಸಮಾಧಾನವು ಇಲ್ಲಿ ಪೂರ್ತಿಯಾಗಿ ಸಲ್ಲುವುದಿಲ್ಲ. ನಟನು ತನ್ನ ವೃತ್ತಿಗಾಗಿ ಬಣ್ಣ ಹಚ್ಚಿಕೊಂಡನು, ತಾಯಿ ತನ್ನ ಇಷ್ಟದಿಂದಲೋ ರೂಢಿಯಿಂದಲೋ ಹಚ್ಚಿಕೊಂಡಳು. ಮಗುವು ಏನನ್ನೂ ಆರಿಸಿಕೊಂಡಿರಲಿಲ್ಲ. ‘ಸದ್ಯಕ್ಕೆ’ ಎಂಬ ಒಂದು ಮಾತಿನ ಭಾರವೆಲ್ಲವೂ ಕಟ್ಟಕಡೆಗೆ ಬಂದು ಬಿದ್ದುದು ಆ ಮಗುವಿನ ಮೇಲೆ.

4

ಇನ್ನು ಅಮೆರಿಕದ ಪ್ರಕರಣ. ಆ ದೇಶದ 1906ರ ಶುದ್ಧ ಆಹಾರ ಮತ್ತು ಔಷಧ ಶಾಸನದಲ್ಲಿ ಪ್ರಸಾಧನ ದ್ರವ್ಯಗಳಿಗೆ ಸ್ಥಾನವಿರಲಿಲ್ಲ. ಮಾರುವವನು ಅದರಿಂದ ರೋಗ ವಾಸಿಯಾಗುವುದೆಂದು ಹೇಳಿಕೊಂಡರೆ ಮಾತ್ರ ಅದು ಔಷಧದ ವ್ಯಾಖ್ಯೆಯೊಳಗೆ ಬರುತ್ತಿದ್ದಿತು. ಚೆಲುವನ್ನು ಹೆಚ್ಚಿಸುತ್ತದೆ ಎಂದಷ್ಟೇ ಹೇಳಿದರೆ ಸರ್ಕಾರವು ಅದನ್ನು ಮುಟ್ಟುವಂತಿರಲಿಲ್ಲ. ಈ ಅಂತರದಲ್ಲಿ ಎರಡು ಸರಕುಗಳು ಕುಖ್ಯಾತಿ ಪಡೆದುವು.

ಮೊದಲನೆಯದು ‘ಕೊರೆಮ್ಲು’ ಎಂಬ ರೋಮನಾಶಕ ಲೇಪ. ಇದರಲ್ಲಿ ಥ್ಯಾಲಿಯಂ ಅಸಿಟೇಟ್ ಎಂಬ ಘೋರವಿಷವಿದ್ದಿತು. ತಲೆಯ ಹುಳುಕಡ್ಡಿಗೆ ಚಿಕಿತ್ಸೆ ಮಾಡುವಾಗ ಕೂದಲುದುರಿಸಲು ವೈದ್ಯರು ಥ್ಯಾಲಿಯಮನ್ನು ಬಹು ಎಚ್ಚರಿಕೆಯಿಂದ ಕೊಡುತ್ತಿದ್ದುದುಂಟು. ಅದನ್ನೇ ಮುಖದ ರೋಮ ತೆಗೆಯುವ ಲೇಪವನ್ನಾಗಿ ಮಾರಿದಾಗ ಹಚ್ಚಿಕೊಂಡ ಹೆಂಗಸರು ಕಾಲುನೋವು, ನರಗಳ ದೌರ್ಬಲ್ಯ, ತಲೆಗೂದಲಿನ ನಾಶಗಳಿಂದ ಪೀಡಿತರಾದರು. ಸರ್ಕಾರಕ್ಕೆ ಇದನ್ನು ತಡೆಯುವ ಅಧಿಕಾರವಿರಲಿಲ್ಲ. ಪೀಡಿತರು ಹೂಡಿದ ದಾವೆಗಳ ಹೊರೆಯಿಂದ 1932ರಲ್ಲಿ ಕಂಪೆನಿಯೇ ದಿವಾಳಿಯೆದ್ದುದರಿಂದ ಲೇಪವು ಮಾಯವಾಯಿತು. ಎರಡನೆಯದು ‘ಲ್ಯಾಶ್ ಲೂರ್’ ಎಂಬ ರೆಪ್ಪೆಗೂದಲಿನ ಬಣ್ಣ. ಕಲ್ಲಿದ್ದಲ ಡಾಂಬರಿನಿಂದ ಹುಟ್ಟಿದ ಪ್ಯಾರಾಫಿನೈಲೀನ್‌ಡೈಅಮೀನ್ ಎಂಬ ರಾಸಾಯನಿಕವು ಇದರಲ್ಲಿದ್ದಿತು. ಇದನ್ನು ಹಚ್ಚಿಸಿಕೊಂಡವರ ಕಣ್ಣಿಗೆ ಹಾನಿಯಾದುದನ್ನು 1933ರಲ್ಲಿ ವೈದ್ಯರು ವರದಿ ಮಾಡಿದರು. ಕೆಲವರು ಕುರುಡಾದರು, ಸಾವೂ ಸಂಭವಿಸಿತು. ಅದೇ ವರ್ಷ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಇಂಥ ಸರಕುಗಳನ್ನೂ ಪೀಡಿತರ ಚಿತ್ರಗಳನ್ನೂ ಸೇರಿಸಿ ಪ್ರದರ್ಶನವೊಂದನ್ನು ಏರ್ಪಡಿಸಿತು. ಅದು ‘ಭಯಾನಕಗಳ ಕೋಣೆ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಆದರೂ ಹೊಸ ಶಾಸನಕ್ಕೆ ಐದು ವರ್ಷ ಹಿಡಿಯಿತು. 1937ರಲ್ಲಿ ಸಲ್ಫನಿಲಮೈಡ್ ಅರಿಷ್ಟವನ್ನು ಕುಡಿದು 100ಕ್ಕೂ ಹೆಚ್ಚು ಮಂದಿ, ಅವರಲ್ಲಿ ಅನೇಕ ಮಕ್ಕಳು, ಸತ್ತ ಬಳಿಕವೇ ಅದು ಮುಂದೆ ಸಾಗಿದುದು. 1938ರ ಜೂನ್ 25ರಂದು ಅಧ್ಯಕ್ಷ ರೂಸ್‌ವೆಲ್ಟರು ಅದಕ್ಕೆ ಸಹಿ ಹಾಕಿದರು. ಪ್ರಸಾಧನ ದ್ರವ್ಯಗಳು ಮೊತ್ತಮೊದಲ ಬಾರಿಗೆ ಕೇಂದ್ರ ಶಾಸನದ ಅಧೀನಕ್ಕೆ ಬಂದುವು.

ಇಲ್ಲಿಯೂ ವಿನಾಯಿತಿ ಉಳಿಯಿತು. ಕಲ್ಲಿದ್ದಲ ಡಾಂಬರಿನ ತಲೆಗೂದಲ ಬಣ್ಣಗಳು ಚರ್ಮಕ್ಕೆ ಕೆಲವರಲ್ಲಿ ತೊಂದರೆ ಉಂಟುಮಾಡಬಹುದೆಂದೂ, ರೆಪ್ಪೆಗೂ ಹುಬ್ಬಿಗೂ ಹಚ್ಚಿದರೆ ಕುರುಡುತನ ಬರಬಹುದೆಂದೂ ಎಚ್ಚರಿಕೆಯನ್ನು ಮುದ್ರಿಸಿದಲ್ಲಿ, ಅವು ಹಾನಿಕರವೆಂಬ ಕಾರಣದಿಂದ ನಿಷಿದ್ಧವಾಗುವಂತಿರಲಿಲ್ಲ. ಅಂದರೆ, ರೆಪ್ಪೆಗೆ ನಿಷೇಧಿಸಿದ ವಸ್ತುವಿಗೆ ತಲೆಯ ಮೇಲೆ ರಹದಾರಿ ದೊರಕಿತು. ಸಾಬೂನನ್ನು ಪ್ರಸಾಧನವೆಂಬ ವ್ಯಾಖ್ಯೆಯಿಂದಲೇ ಹೊರಗಿಡಲಾಯಿತು. ಇವೆರಡಕ್ಕಿಂತಲೂ ಮುಖ್ಯವಾದುದು ಮತ್ತೊಂದು: ಹೊಸ ಔಷಧವನ್ನು ಮಾರುವ ಮೊದಲು ಅದು ನಿರಪಾಯವೆಂದು ತಯಾರಕನು ತೋರಿಸಬೇಕಾಗಿದ್ದಿತು, ಪ್ರಸಾಧನ ದ್ರವ್ಯಕ್ಕೆ ಈ ಹೊಣೆಯನ್ನು ಹೊರಿಸಲಿಲ್ಲ. ಹಾನಿಯಾದ ಮೇಲೆ ಅದನ್ನು ಸಿದ್ಧಪಡಿಸುವ ಭಾರವು ಸರ್ಕಾರದ ಮೇಲೆ ಬಿದ್ದಿತು; ಆ ಸಾಕ್ಷ್ಯವು ಬರಬೇಕಾಗಿದ್ದುದು ಬಳಸಿದವರ ಮೈಯಿಂದಲೇ. ಅಪಾಯಕರ ಪ್ರಸಾಧನವನ್ನು ಮಾರುಕಟ್ಟೆಯಿಂದ ಹಿಂತೆಗೆಯುವಂತೆ ಆಜ್ಞಾಪಿಸುವ ಅಧಿಕಾರವು ಆ ಸಂಸ್ಥೆಗೆ ದೊರಕಿದುದು 2022ರ ಡಿಸೆಂಬರಿನಲ್ಲಿ ಅಂಗೀಕೃತವಾದ ಶಾಸನದಿಂದ, ಎಂದರೆ 84 ವರ್ಷಗಳ ತರುವಾಯ.

5

ಮೂರನೆಯದಾಗಿ ಪಾದರಸವನ್ನು ಪರಿಶೀಲಿಸೋಣ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವಿನ ಉತ್ಪತ್ತಿಗೆ ಟೈರೋಸಿನೇಸ್ ಎಂಬ ಕಿಣ್ವವು ಅವಶ್ಯಕ. ಪಾದರಸದ ಲವಣಗಳು ಈ ಕಿಣ್ವದ ಕೆಲಸಕ್ಕೆ ಅಡ್ಡಿಪಡಿಸುವುದರಿಂದ ಚರ್ಮವು ತಿಳಿಯಾಗುತ್ತದೆ. ಆದರೆ ಅದೇ ಪಾದರಸವು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡಗಳಲ್ಲಿ ಸಂಗ್ರಹವಾಗುತ್ತದೆ. ಸೀಸದ ಬಿಳಿಯು ಮುಖವನ್ನು ಮುಚ್ಚುತ್ತಿದ್ದಿತು. ಪಾದರಸವು ಮುಖದ ಬಣ್ಣವನ್ನೇ ಬದಲಿಸುವ ಭರವಸೆ ಕೊಟ್ಟಿತು. ಬೇಡಿಕೆಯ ಬೇರು ಎರಡರಲ್ಲಿಯೂ ಒಂದೇ.

1972ರಲ್ಲಿ ಕೀನ್ಯದ ನೈರೋಬಿಯ ವೈದ್ಯರು ಮೂತ್ರಪಿಂಡದ ಒಂದು ಬಗೆಯ ರೋಗದಿಂದ ಬಳಲುತ್ತಿದ್ದ 60 ಮಂದಿ ವಯಸ್ಕರನ್ನು ಪರೀಕ್ಷಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾದರಸವಿದ್ದ ಬಿಳಿಚುವ ಲೇಪಗಳನ್ನು ಬಳಸಿದವರೆಂಬುದು ಕಂಡುಬಂದಿತು. ಮುಂದಿನ ವರ್ಷ ಅಮೆರಿಕವು ಪ್ರಸಾಧನಗಳಲ್ಲಿ ಪಾದರಸವನ್ನು ನಿರ್ಬಂಧಿಸುವ ನಿಯಮವನ್ನು ಹೊರಡಿಸಿತು. ಅಲ್ಲಿಯೂ ಕಣ್ಣಿನ ಸುತ್ತ ಬಳಸುವ ದ್ರವ್ಯಗಳಿಗೆ ವಿನಾಯಿತಿ ದೊರಕಿತು: ಕೆಡದಂತೆ ಕಾಪಾಡುವ ಸಲುವಾಗಿ ಹತ್ತು ಲಕ್ಷದಲ್ಲಿ 65 ಭಾಗದವರೆಗೆ ಪಾದರಸವನ್ನು ಸೇರಿಸಬಹುದಾಗಿದ್ದಿತು.

ನಮ್ಮ ದೇಶದ ಶಾಸನವನ್ನು ನೋಡಿದರೆ ಇದೇ ಕ್ರಮವು ಗೋಚರಿಸುತ್ತದೆ. 1940ರ ಔಷಧ ಶಾಸನದಲ್ಲಿ ಪ್ರಸಾಧನಗಳ ಮಾತಿರಲಿಲ್ಲ. 1962ರ ತಿದ್ದುಪಡಿಯಿಂದ ಅವು ಅದರೊಳಗೆ ಸೇರಿ, ಶಾಸನದ ಹೆಸರೂ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮವೆಂದು ಬದಲಾಯಿತು. ಬಣ್ಣಕ್ಕಾಗಿ ಸೀಸ ಮತ್ತು ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದು ನಿಷಿದ್ಧವಾಯಿತು. ಪಾದರಸದ ಮೇಲೆಯೂ ನಿರ್ಬಂಧ ಬಂದಿತು. ಆದರೆ ಅಮೆರಿಕದಂತೆ ಇಲ್ಲಿಯೂ ಸಾಬೂನನ್ನು ವ್ಯಾಖ್ಯೆಯ ಹೊರಗಿಡಲಾಗಿದ್ದಿತು. ಅದನ್ನು ಒಳತಂದುದು 1982ರ ತಿದ್ದುಪಡಿ. ಪಾದರಸವನ್ನು ಬೆರೆಸಿ ಬಿಳಿಚುವ ಸಾಬೂನುಗಳನ್ನು ಜಗತ್ತಿನ ಹಲವೆಡೆ ಮಾರುತ್ತಿದ್ದರೆಂಬುದನ್ನು ನೆನೆದರೆ ಇದು ಅಲ್ಪವಾದ ವಿಷಯವಲ್ಲವೆಂದು ತಿಳಿಯುತ್ತದೆ. 2020ರಲ್ಲಿ ಹೊರಟ ಹೊಸ ನಿಯಮಗಳು ಇತರ ಪ್ರಸಾಧನಗಳಲ್ಲಿ ಉದ್ದೇಶಪೂರ್ವಕವಲ್ಲದ ಪಾದರಸವು ಹತ್ತು ಲಕ್ಷದಲ್ಲಿ 1 ಭಾಗವನ್ನು ಮೀರಬಾರದೆಂದು ವಿಧಿಸಿ, ಕಣ್ಣಿನ ದ್ರವ್ಯಗಳಿಗೆ ಮಾತ್ರ 70 ಭಾಗದವರೆಗೆ ಅವಕಾಶವಿತ್ತುವು.

ಕಣ್ಣೇಕೆ ವಿನಾಯಿತಿಗೆ ಪಾತ್ರವಾಯಿತು? ಕಣ್ಣಿಗೆ ಹಚ್ಚುವ ದ್ರವ್ಯದಲ್ಲಿ ಸೂಕ್ಷ್ಮಜೀವಿಗಳು ಬೆಳೆದರೆ ದೃಷ್ಟಿಯೇ ಹೋಗಬಹುದು. ಅವನ್ನು ಕೊಲ್ಲಲು ಪಾದರಸದ ಸಂಯುಕ್ತಗಳು ಸಮರ್ಥವಾಗಿದ್ದುವು. ಈ ವಾದದಲ್ಲಿ ಹುರುಳಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಕಣ್ಣಿಗೆ ಕಾಡಿಗೆ ಹಚ್ಚುವ ಮೊದಲ ಮೈ ಹಸುಗೂಸಿನದು. ಹರಳೆಣ್ಣೆಯ ದೀಪದ ಮಸಿಯಿಂದ ಅಜ್ಜಿಯು ಮಾಡುತ್ತಿದ್ದ ಕಾಡಿಗೆಗೆ ಪಾದರಸದ ಸಂಬಂಧವಿಲ್ಲ, ನಿಜ. ಆದರೆ ಮನೆಯ ಕಾಡಿಗೆಯ ಸ್ಥಾನಕ್ಕೆ ಅಂಗಡಿಯ ಡಬ್ಬಿ ಬಂದ ಮೇಲೆ, ಕಣ್ಣಿನ ವಿನಾಯಿತಿಯನ್ನು ಬರೆಯುವವರು ಆ ಕೂಸನ್ನೂ ಗಣನೆಗೆ ತಂದುಕೊಳ್ಳಬೇಕಾಗುತ್ತದೆ.

ಪಾದರಸದ ನಿಯಂತ್ರಣಕ್ಕಾಗಿ 2013ರಲ್ಲಿ ಅಂಗೀಕೃತವಾದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಜಪಾನಿನ ಮಿನಮಾತಾ ಪಟ್ಟಣದ ಹೆಸರನ್ನೇ ಇಡಲಾಗಿದೆ. ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸದಿಂದ ಅಲ್ಲಿಯ ಜನರು ರೋಗಗ್ರಸ್ತರಾದುದು 1956ರಲ್ಲಿ ಬೆಳಕಿಗೆ ಬಂದಿದ್ದಿತು. ಭಾರತವು 2018ರಲ್ಲಿ ಈ ಒಪ್ಪಂದವನ್ನು ಸ್ಥಿರೀಕರಿಸಿತು. ಮೂಲ ಒಪ್ಪಂದದಲ್ಲಿ ಕಣ್ಣಿನ ದ್ರವ್ಯಗಳಿಗೆ ವಿನಾಯಿತಿ ಇದ್ದಿತು. 2023ರಲ್ಲಿ ಜಿನೀವಾದಲ್ಲಿ ಕೂಡಿದ ಸಮ್ಮೇಳನವು ಅದನ್ನು ತೆಗೆದುಹಾಕಿ, ಪಾದರಸ ಸೇರಿಸಿದ ಎಲ್ಲ ಪ್ರಸಾಧನಗಳನ್ನೂ 2025ರೊಳಗೆ ಕೊನೆಗೊಳಿಸಬೇಕೆಂದು ನಿರ್ಣಯಿಸಿತು. ವಿನಾಯಿತಿಯನ್ನು ಅಳಿಸಿಹಾಕಿದ ನಿದರ್ಶನವಾಗಿ ಇದು ಗಮನಾರ್ಹವಾಗಿದೆ.

ಆದರೆ ಕಾಗದದ ಮೇಲಿನ ನಿಷೇಧವು ಅಂಗಡಿಯವರೆಗೆ ತಲುಪಬೇಕಷ್ಟೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ಮೂತ್ರಪಿಂಡದ ಪೊರೆಗೆ ಸಂಬಂಧಿಸಿದ ರೋಗದ 22 ಪ್ರಕರಣಗಳನ್ನು ಕಂಡರು. ಅವುಗಳಲ್ಲಿ 15 ಒಂದು ವಿರಳವಾದ ಬಗೆಗೆ ಸೇರಿದ್ದುವು. ಆ 15 ಮಂದಿಯಲ್ಲಿ 13 ಮಂದಿ ಬಿಳಿಚುವ ಲೇಪಗಳನ್ನು ಬಳಸಿದುದಾಗಿ ಒಪ್ಪಿಕೊಂಡರು. ನೈರೋಬಿಯ ವರದಿಯಿಂದ ಇಲ್ಲಿಗೆ ಅರ್ಧ ಶತಮಾನ ಕಳೆದಿದ್ದಿತು.

6

ಮೇಲಿನ ಪರಿಶೀಲನೆಯಿಂದ ಕೆಲವು ಅಭಿಪ್ರಾಯಗಳನ್ನು ತಾಳಬಹುದಾಗಿದೆ. ಮೊದಲನೆಯದಾಗಿ, ಈ ವಿಳಂಬಕ್ಕೆ ಅಜ್ಞಾನವು ಪ್ರಧಾನ ಕಾರಣವಲ್ಲ. ಸೀಸವು ವಿಷವೆಂಬುದು ನಿಕಾಂಡರನ ಕಾಲಕ್ಕೇ ತಿಳಿದಿದ್ದಿತು. ಎರಡನೆಯದಾಗಿ, ಅಲಂಕಾರವನ್ನು ಹೆಂಗಸರ ವ್ಯಾಮೋಹವೆಂದು ಹಳಿದ ನೀತಿವಾದವು ಅವರನ್ನು ಕಾಪಾಡಲಿಲ್ಲ. ಅದು ಮಾರುವವನ ಹೊಣೆಯನ್ನು ಕೊಳ್ಳುವವಳ ಮೇಲೆ ಹೊರಿಸಿತು. ರಂಗವೂ ಸಂಪ್ರದಾಯವೂ ಮದುವೆಯ ಮಾತುಕತೆಯೂ ಬಿಳಿಯ ಮುಖವನ್ನೇ ಬೇಡುತ್ತಿರುವಲ್ಲಿ ಅದನ್ನು ಬಯಸಿದವಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಮೂರನೆಯದಾಗಿ, ಕಣ್ಣಿಗೆ ಕಾಣುವ ಹಾನಿಗೆ ಶಾಸನವು ಬೇಗ ಓಗೊಡುತ್ತದೆ: ಚಕ್ರವರ್ತಿಯ ಎದುರು ನಡುಗಿದ ಕಾಲು, ಪ್ರದರ್ಶನದಲ್ಲಿಟ್ಟ ಕುರುಡಾದವರ ಚಿತ್ರ. ತೊಟ್ಟಿಲಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಮೆಲ್ಲನೆ ನಡೆಯುವ ಹಾನಿಗೆ ವಿನಾಯಿತಿಯ ಬಾಗಿಲು ತೆರೆದೇ ಇರುತ್ತದೆ.

ಶಾಸನಗಳ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಅವು ಏನನ್ನು ನಿಷೇಧಿಸಿದುವು ಎಂಬುದನ್ನು ಎಣಿಸುತ್ತೇವೆ. ಅವು ಏನನ್ನು ಬಿಟ್ಟುವು, ಎಷ್ಟು ಕಾಲ ಬಿಟ್ಟುವು, ಯಾರ ಹೆಸರಿನಲ್ಲಿ ಬಿಟ್ಟುವು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಎಣಿಸಬೇಕೆಂದು ನಮಗೆ ತೋರುತ್ತದೆ. 1900ರ ಆ ಜಪಾನೀ ನಿಯಮದ ಕೊನೆಯ ಸಾಲುಗಳನ್ನು ಬರೆದವರು ಕ್ರೂರಿಗಳಾಗಿದ್ದಿರಲಾರರು. ವ್ಯಾಪಾರಕ್ಕೆ ತೊಂದರೆಯಾಗದಿರಲೆಂದು ಸ್ವಲ್ಪ ಕಾಲಾವಕಾಶವನ್ನು ಕೊಟ್ಟಿರಬಹುದು. ಆದರೆ ಆ ಕಾಲಾವಕಾಶವು ಎಂದು ಮುಗಿಯಬೇಕೆಂಬುದನ್ನು ಅವರು ಬರೆಯಲಿಲ್ಲ. ಕ್ಯೋಟೊದ ಆಸ್ಪತ್ರೆಗೆ ಬಂದ ಕೂಸುಗಳು ಆ ಬರೆಯದೆ ಬಿಟ್ಟ ದಿನಾಂಕಕ್ಕಾಗಿ ನರಳಿದುವು. ವಿನಾಯಿತಿಯನ್ನು ಕೊಡಲೇಬೇಕಾದಲ್ಲಿ ಅದು ಮುಗಿಯುವ ದಿನವನ್ನೂ ಕೂಡಿಯೇ ಬರೆಯಬೇಕೆಂಬುದು ಈ ಚರಿತ್ರೆಯಿಂದ ನಾವು ಕಲಿಯಬಹುದಾದ ಪಾಠವಾಗಿದೆ.